ಆರಾಧನೆಯಲ್ಲಿ ಹಾಡು: ಹಳೆಯ ಸಂಗೀತ, ಹೊಸ ಬ್ಯಾಂಡು, ನಡುವಿನ ತಕರಾರು

ಡಿಸೆಂಬರ್ ಹತ್ತಿರವಾದಂತೆ ಬೆಂಗಳೂರಿನ ಅನೇಕ ಚರ್ಚುಗಳಲ್ಲಿ ಒಂದೇ ಪ್ರಶ್ನೆ ಎದ್ದು ಕೂರುತ್ತದೆ. ಕ್ರಿಸ್‌ಮಸ್ ಆರಾಧನೆಗೆ ಹಾಡಿನ ಪುಸ್ತಕದ ಸಂಗೀತಗಳೇ ಇರಬೇಕೋ, ಯುವಜನರ ಬ್ಯಾಂಡಿಗೂ ಜಾಗ ಕೊಡಬೇಕೋ? ಗಾಯನ ವೃಂದದ ಹಿರಿಯರು ಒಂದು ಕಡೆ, ಗಿಟಾರು ಹಿಡಿದ ಹುಡುಗ ಹುಡುಗಿಯರು ಇನ್ನೊಂದು ಕಡೆ, ನಡುವೆ ಅಯ್ಯನವರು, ಅಂದರೆ ಸಭಾಪಾಲಕರು. ಹೊರಗಿನಿಂದ ನೋಡುವವರಿಗೆ ಇದು ಬರೀ ಅಭಿರುಚಿಯ ವ್ಯತ್ಯಾಸ ಅನ್ನಿಸಬಹುದು. ಒಳಗಿರುವವರಿಗೆ ಅಷ್ಟು ಹಗುರವಲ್ಲ. ಹಾಡು ಬದಲಾದದ್ದಕ್ಕೇ ಸಭೆ ಬಿಟ್ಟವರಿದ್ದಾರೆ, ಬದಲಾಗದ್ದಕ್ಕೆ ಬಿಟ್ಟವರೂ ಇದ್ದಾರೆ.

ಈ ತಕರಾರನ್ನು 'ಹಳೆಯದು, ಹೊಸದು' ಎಂದು ಎರಡು ಪಂಗಡ ಮಾಡಿ ನೋಡಿದರೆ ಏನೂ ತಿಳಿಯುವುದಿಲ್ಲ. ಅದರೊಳಗೆ ಹಾಡಿನ ಮಾತು, ಧಾಟಿ, ವಾದ್ಯ, ಸದ್ದಿನ ಮಟ್ಟ, ಹಾಡುವವರು ಯಾರು ಎಂಬ ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಕೆಲವು ದೇವಶಾಸ್ತ್ರದವು. ಕೆಲವು ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಮುಗಿಯುವಂಥವು. ಬಿಡಿಸಿ ನೋಡದಿದ್ದರೆ ಎರಡನೆಯ ಬಗೆಯದಕ್ಕೂ ಮೊದಲನೆಯ ಬಗೆಯ ಜಗಳವೇ ನಡೆಯುತ್ತದೆ.

ಯಾವುದಕ್ಕೆ ಏನು ಹೆಸರು

ಕನ್ನಡ ಪ್ರೊಟೆಸ್ಟೆಂಟ್ ಸಭೆಗಳಲ್ಲಿ 'ಸಂಗೀತ' ಎಂದರೆ ಪುಸ್ತಕದಲ್ಲಿ ನಂಬರು ಹಾಕಿ ಅಚ್ಚಾದ, ಚರಣ ಚರಣವಾಗಿ ಸಾಗುವ ಹಾಡು. ಇಂಗ್ಲಿಷಿನವರು ಹಿಮ್ ಎನ್ನುವುದು ಇದನ್ನೇ. ಎಲ್ಲ ಚರಣಗಳಿಗೂ ಒಂದೇ ಧಾಟಿ. ಧಾಟಿಗೆ ನಾಲ್ಕು ದನಿಗಳ ಜೋಡಣೆ ಇರುತ್ತದೆ: ಹೆಣ್ಣುಮಕ್ಕಳಿಗೆ ಸೊಪ್ರಾನೊ ಮತ್ತು ಆಲ್ಟೊ, ಗಂಡಸರಿಗೆ ಟೆನರ್ ಮತ್ತು ಬೇಸ್. 'ಕೀರ್ತನೆ' ಎಂಬ ಮಾತು ಎರಡು ಕಡೆ ಬಳಕೆಯಲ್ಲಿದೆ. ಬೈಬಲಿನ 150 ಕೀರ್ತನೆಗಳು ಒಂದು. ರಾಗ ತಾಳಕ್ಕೆ ಕಟ್ಟಿದ, ಪಲ್ಲವಿ ಚರಣಗಳಿರುವ ದೇಸಿ ಹಾಡು ಇನ್ನೊಂದು.

ಹೊಸ ಬಗೆಯ ಹಾಡಿಗೆ ಸ್ತುತಿಗೀತೆ, ವರ್ಶಿಪ್ ಸಾಂಗ್ ಎಂಬ ಹೆಸರುಗಳಿವೆ. ಅದರ ಕಟ್ಟು ಸಿನಿಮಾ ಹಾಡಿಗೂ ಪಾಪ್ ಹಾಡಿಗೂ ಹತ್ತಿರ: ಚರಣ, ಮತ್ತೆ ಮತ್ತೆ ಬರುವ ಪಲ್ಲವಿ, ಕೊನೆಯ ಹೊತ್ತಿಗೆ ಕಾವೇರಿಸುವ 'ಬ್ರಿಜ್' ಎಂಬ ಭಾಗ. ಹಾಡಿಸುವವರು ವರ್ಶಿಪ್ ಲೀಡರ್. ಹಿಂದೆ ಕೀಬೋರ್ಡು, ಗಿಟಾರು, ಬೇಸ್ ಗಿಟಾರು, ಡ್ರಮ್ಸ್. ನಾಲ್ಕೈದು ಹಾಡುಗಳನ್ನು ನಡುವೆ ನಿಲ್ಲಿಸದೆ ಅರ್ಧ ಗಂಟೆ ಹಾಡುವುದು ರೂಢಿ.

'ಹಳೆಯದು' ಎಷ್ಟು ಹಳೆಯದು

ಕ್ರೈಸ್ತರು ಹಾಡಿನ ಬಗ್ಗೆ ವಾದಕ್ಕಿಳಿದದ್ದು ಡ್ರಮ್ಸ್ ಬಂದ ಮೇಲಲ್ಲ. 4ನೆಯ ಶತಮಾನದಲ್ಲಿ ಇಂದಿನ ತುರ್ಕಿಯ ಲವೊದಿಕೀಯದಲ್ಲಿ ಸೇರಿದ ಧರ್ಮಸಭೆ, ಪೀಠ ಹತ್ತಿ ಪುಸ್ತಕ ನೋಡಿ ಹಾಡುವ ನೇಮಿತ ಗಾಯಕರ ಹೊರತು ಬೇರಾರೂ ಹಾಡಕೂಡದು ಎಂದು ಕಟ್ಟಳೆ ಮಾಡಿತು. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನರು ತಮ್ಮ ಆತ್ಮಚರಿತ್ರೆಯ 10ನೆಯ ಭಾಗದಲ್ಲಿ, ಹಾಡಿನ ಮಾತಿಗಿಂತ ಹಾಡಿಕೆಯೇ ಮನಸ್ಸನ್ನು ಸೆಳೆದಾಗ ಪಾಪ ಮಾಡಿದಂತಾಗುತ್ತದೆ ಎಂದು ಒಪ್ಪಿಕೊಳ್ಳುತ್ತಾರೆ. ಆದರೂ ಚರ್ಚಿನಲ್ಲಿ ಹಾಡು ಬೇಡ ಎನ್ನುವುದಿಲ್ಲ.

ಪ್ರೊಟೆಸ್ಟೆಂಟ್ ಸಭೆಗಳಿಗೆ ಹುಟ್ಟು ಕೊಟ್ಟ 16ನೆಯ ಶತಮಾನದ ಸುಧಾರಣೆಯಲ್ಲಿ ಮೂರು ದಾರಿಗಳು ಕವಲೊಡೆದವು. ಜರ್ಮನಿಯ ಲೂಥರ್ ಜನರ ಭಾಷೆಯ ಹಾಡನ್ನು ಆರಾಧನೆಯ ನಡುವಿಗೇ ತಂದರು. 1524ರಲ್ಲಿ ಬಂದ ಮೊದಲ ಲೂಥರನ್ ಹಾಡಿನ ಪುಸ್ತಕದಲ್ಲಿದ್ದದ್ದು ಎಂಟೇ ಹಾಡು. ಜಿನೀವಾದ ಕ್ಯಾಲ್ವಿನ್ ಬೈಬಲಿನ ಕೀರ್ತನೆಗಳನ್ನು ಛಂದಸ್ಸಿಗೆ ಹೊಂದಿಸಿ, ವಾದ್ಯವಿಲ್ಲದೆ, ಒಂದೇ ಸ್ವರಪಂಕ್ತಿಯಲ್ಲಿ ಹಾಡಿಸಿದರು. 150 ಕೀರ್ತನೆಗಳೂ ಇರುವ ಜಿನೀವಾ ಪುಸ್ತಕ 1562ರಲ್ಲಿ ಪೂರ್ತಿಯಾಯಿತು. ಜ್ಯೂರಿಕ್‌ನ ಜ್ವಿಂಗ್ಲಿ ಸ್ವತಃ ಹಲವು ವಾದ್ಯ ಬಲ್ಲವರು, ಆದರೂ ಅವರ ಸುಧಾರಣೆಯಲ್ಲಿ ಆರ್ಗನ್ನುಗಳು ಚರ್ಚಿನಿಂದ ಹೊರಬಿದ್ದವು. ಇವತ್ತಿನ ವಾದದ ಬೇರು ಇಲ್ಲಿದೆ. ಬೈಬಲು ಆರಾಧನೆಗೆ ಹೇಳಿರುವುದನ್ನು ಮಾತ್ರ ಮಾಡಬೇಕು ಎನ್ನುವವರು ಒಂದು ಕಡೆ. ಬೈಬಲು ಬೇಡವೆನ್ನದಿದ್ದರೆ ಮಾಡಬಹುದು ಎನ್ನುವವರು ಇನ್ನೊಂದು ಕಡೆ.

ಇಂದು 'ಸಾಂಪ್ರದಾಯಿಕ' ಎನ್ನಿಸಿಕೊಳ್ಳುವ ಇಂಗ್ಲಿಷ್ ಸಂಗೀತಗಳೂ ಒಂದು ಕಾಲಕ್ಕೆ ಹೊಸ ಹಾವಳಿಯೇ. ಇಂಗ್ಲೆಂಡಿನ ಐಸಾಕ್ ವಾಟ್ಸ್ 1707ರಲ್ಲಿ ಸ್ವಂತ ಮಾತಿನ ಹಾಡುಗಳನ್ನೂ 1719ರಲ್ಲಿ ಕೀರ್ತನೆಗಳ ಸ್ವತಂತ್ರ ರೂಪಾಂತರವನ್ನೂ ಪ್ರಕಟಿಸಿದಾಗ, ದೇವರ ಮಾತಿನ ಜಾಗದಲ್ಲಿ ಮನುಷ್ಯನ ಮಾತು ಹಾಡುವುದೇ ಎಂಬ ಆಕ್ಷೇಪ ಬಂತು. ಶೆಫೀಲ್ಡಿನ ಚರ್ಚೊಂದರಲ್ಲಿ ಹೊಸ ಹಾಡಿನ ಪುಸ್ತಕ ತಂದ ಪಾದ್ರಿಯ ಮೇಲೆ ಸಭೆಯವರೇ ದೂರು ಕೊಟ್ಟು, 1820ರಲ್ಲಿ ಅದು ಯಾರ್ಕಿನ ಧಾರ್ಮಿಕ ನ್ಯಾಯಾಲಯ ತಲುಪಿ, ಕೊನೆಗೆ ಆರ್ಚ್‌ಬಿಷಪ್ಪರು ನಡುವೆ ಬಂದು ರಾಜಿ ಮಾಡಿಸಬೇಕಾಯಿತು.

ವಾದ್ಯದ ಕತೆಯೂ ಹೀಗೇ. ನಮ್ಮ ಹಿರಿಯರು ಚರ್ಚಿಗೆ ತಕ್ಕ ವಾದ್ಯವೆಂದು ನಂಬಿರುವ ಹಾರ್ಮೋನಿಯಮ್ಮಿಗೆ ಪ್ಯಾರಿಸಿನ ಅಲೆಕ್ಸಾಂಡರ್ ಡೆಬೆಯ್ನ್ ಹಕ್ಕುಪತ್ರ ಪಡೆದದ್ದು 1842ರಲ್ಲಿ. ಭಾರತೀಯ ಸಂಗೀತಕ್ಕೆ ಒಗ್ಗುವುದಿಲ್ಲವೆಂದು ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿತ್ತು. ಹಳೆಯದೆಂಬ ಒಂದೇ ಕಾರಣಕ್ಕೆ ಯಾವ ವಾದ್ಯವೂ ಪವಿತ್ರವಾಗುವುದಿಲ್ಲ ಎನ್ನಲು ಇಷ್ಟು ಸಾಕು. ಹೊಸದೆಂಬ ಕಾರಣಕ್ಕೆ ಯೋಗ್ಯವಾಗುವುದೂ ಇಲ್ಲ, ಆ ಮಾತು ಬೇರೆ.

ಈಗಿನ ಬ್ಯಾಂಡ್ ಶೈಲಿ 1960ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಯುವಜನರ ನಡುವೆ ಹುಟ್ಟಿತು. 1971ರಲ್ಲಿ ಮಾರನಾಥಾ ಮ್ಯೂಸಿಕ್ ಸಂಸ್ಥೆ ಆ ಹಾಡುಗಳನ್ನು ಧ್ವನಿಮುದ್ರಿಸಿ ಹರಡತೊಡಗಿತು. 1983ರಲ್ಲಿ ಸಿಡ್ನಿಯಲ್ಲಿ ಶುರುವಾದ ಹಿಲ್‌ಸಾಂಗ್ ಸಭೆಯ ಹಾಡುಗಳು ಮುಂದೆ ಕ್ಯಾಸೆಟ್ಟು, ಸೀಡಿ, ಯೂಟ್ಯೂಬ್ ಹಿಡಿದು ಲೋಕವನ್ನೆಲ್ಲ ಸುತ್ತಿದವು.

ಕನ್ನಡಕ್ಕೂ ಬೆಂಗಳೂರಿಗೂ ಬಂದ ದಾರಿ

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ ಜರ್ಮನ್ ಧಾಟಿಗಳೂ ಜೊತೆಗೆ ಬಂದವು. ಇತ್ತ ಬೆಂಗಳೂರಿನ ಕಡೆ ಲಂಡನ್ ಮಿಷನ್ನಿನವರು, ವೆಸ್ಲಿಯನ್ನರು (ಮೆಥೊಡಿಸ್ಟರು) ಇಂಗ್ಲಿಷ್ ಧಾಟಿಗಳನ್ನು ತಂದರು. ಅದೇ ಕಾಲದಲ್ಲಿ ದೇಸಿ ದಾರಿಯನ್ನೂ ಹಿಡಿದವರಿದ್ದರು. ನಿಘಂಟಿನ ಕಿಟೆಲ್ ಅವರು 1862ರಲ್ಲಿ 'ಕಥಾಮಾಲೆ' ಎಂಬ ಕೃತಿಯಲ್ಲಿ ಯೇಸುವಿನ ಚರಿತ್ರೆಯನ್ನು ಈ ನೆಲದ ಪದ್ಯಬಂಧದಲ್ಲೇ ಹೇಳಿದರು. ಹಾಗಾಗಿ ಕನ್ನಡ ಕ್ರೈಸ್ತರಿಗೆ 'ಸಂಪ್ರದಾಯ' ಎಂಬುದು ಮೊದಲಿನಿಂದಲೂ ಎರಡು. ಪಾಶ್ಚಾತ್ಯ ಧಾಟಿಗೆ ಕೂರಿಸಿದ ಅನುವಾದ ಒಂದು, ರಾಗ ತಾಳದ ಕೀರ್ತನೆ ಇನ್ನೊಂದು. ಇದನ್ನು ಮರೆತು ಮಾತಾಡುವುದರಿಂದ ಎಷ್ಟೋ ಗೊಂದಲ ಹುಟ್ಟುತ್ತದೆ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ರೂಪುಗೊಂಡಾಗ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಹಾಡಿನ ರೂಢಿಗಳು ಒಂದೇ ಮನೆಗೆ ಬಂದವು. ಬೆಂಗಳೂರಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಆಂಗ್ಲಿಕನ್ ಹಿನ್ನೆಲೆಯ ಸೇಂಟ್ ಮಾರ್ಕ್ಸ್ ಕೆಥೆಡ್ರಲ್, ವೆಸ್ಲಿಯನ್ನರು 1904ರಲ್ಲಿ ಕಟ್ಟಿದ ಕನ್ನಡ ಸಭೆಯ ಹಡ್ಸನ್ ಸ್ಮಾರಕ ಚರ್ಚು, ಲಂಡನ್ ಮಿಷನ್ನಿನ ನೆನಪಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು, ಮೂರೂ ಇಂದು ಸಿಎಸ್‌ಐಗೇ ಸೇರಿದವು.

ಪೆಂತೆಕೊಸ್ತ್ ಮತ್ತು ಸ್ವತಂತ್ರ ಸಭೆಗಳು ಬೆಳೆದ ಮೇಲೆ ಮೂರನೆಯ ಧಾರೆ ಸೇರಿತು. ಕನ್ನಡದ 'ಹೊಸ' ಹಾಡುಗಳಲ್ಲಿ ಬಹಳಷ್ಟು ಇಂಗ್ಲಿಷಿನಿಂದ ನೇರವಾಗಿ ಬಂದವಲ್ಲ. ತಮಿಳು, ತೆಲುಗು, ಮಲಯಾಳ, ಹಿಂದಿ ಹಾಡುಗಳ ಧಾಟಿಗೆ ಕನ್ನಡ ಮಾತು ಕೂರಿಸಿದವು. ಅವುಗಳಲ್ಲಿ ಡೋಲಕ್ಕಿನ ನಡೆಯೂ ಇರುತ್ತದೆ, ಜಾನಪದದ ಛಾಯೆಯೂ ಇರುತ್ತದೆ. ಹೊಸದೆಲ್ಲ ಪಾಶ್ಚಾತ್ಯ ಎಂಬ ದೂರು ಇಲ್ಲಿ ನಿಲ್ಲುವುದಿಲ್ಲ. ಕನ್ನಡ ಸಭೆಯಲ್ಲಿ ಹೆಚ್ಚು ಪಾಶ್ಚಾತ್ಯವಾಗಿರುವುದು ಎಷ್ಟೋ ಸಲ ಹಳೆಯ ಪುಸ್ತಕದ ಧಾಟಿಯೇ.

ಹಾಡಿನ ಮಾತು

ಹಳೆಯ ಸಂಗೀತದ ಪರವಾಗಿರುವವರ ಗಟ್ಟಿಯಾದ ವಾದ ಇದು: ಐದಾರು ಚರಣಗಳಲ್ಲಿ ಸೃಷ್ಟಿ, ಪಾಪ, ಶಿಲುಬೆ, ಪುನರುತ್ಥಾನ, ಮರಣ, ನಿತ್ಯಜೀವ ಎಲ್ಲವೂ ಬರುತ್ತವೆ, ಜನ ಬೋಧನೆಯನ್ನು ಹಾಡಿನಲ್ಲೇ ಕಲಿಯುತ್ತಾರೆ. ಹೊಸ ಹಾಡಿನಲ್ಲಿ ಎರಡು ಸಾಲು ಹತ್ತು ಸಲ ಬರುತ್ತದೆ, ಅದೂ 'ನಾನು, ನನ್ನ' ಎಂದೇ.

ಹೊಸ ಹಾಡಿನವರ ಉತ್ತರಕ್ಕೂ ಬೈಬಲಿನ ಆಧಾರವಿದೆ. 136ನೆಯ ಕೀರ್ತನೆಯ 26 ವಚನಗಳಲ್ಲೂ ಒಂದೇ ಪಲ್ಲವಿ ತಪ್ಪದೆ ಬರುತ್ತದೆ. ಕುರುಬನ ಕುರಿತ 23ನೆಯ ಕೀರ್ತನೆಯಲ್ಲಿ ಇರುವುದೆಲ್ಲ 'ನಾನು, ನನ್ನ'. 150ನೆಯದು ತುತೂರಿ, ವೀಣೆ, ದಮ್ಮಡಿ, ತಾಳಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತದೆ. ಆದುದರಿಂದ ಪುನರಾವರ್ತನೆಯಾಗಲಿ, ಏಕವಚನವಾಗಲಿ, ಸದ್ದಿನ ವಾದ್ಯವಾಗಲಿ ತಾನೇ ದೋಷವಲ್ಲ.

ಆದರೆ ಒಂದು ಕೊರತೆಯನ್ನು ಯಾರಾದರೂ ಎಣಿಸಿ ನೋಡಬಹುದು. ಬೈಬಲಿನ ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಪ್ರಲಾಪ: ಎಷ್ಟರವರೆಗೆ ಕರ್ತನೇ, ಯಾಕೆ ಕೈಬಿಟ್ಟೆ ಎಂಬ ಗೋಳು. ನಿಮ್ಮ ಸಭೆಯಲ್ಲಿ ಆರು ತಿಂಗಳಲ್ಲಿ ಹಾಡಿದ ಹಾಡುಗಳ ಪಟ್ಟಿ ಮಾಡಿ, ಎಷ್ಟರಲ್ಲಿ ದುಃಖಕ್ಕೆ ಮಾತು ಸಿಕ್ಕಿದೆ ಎಂದು ಗುರುತು ಹಾಕಿ. ಗೆಲುವು, ಸಂತೋಷ, ಆಶೀರ್ವಾದಗಳೇ ತುಂಬಿದ್ದರೆ, ಹಿಂದಿನ ವಾರ ಮನೆಯಲ್ಲಿ ಸಾವು ಕಂಡು ಬಂದವರ ಬಾಯಿಗೆ ಆ ದಿನ ಹಾಡೇ ಇರುವುದಿಲ್ಲ. ಇದು ಶೈಲಿಯ ಮಾತಲ್ಲ, ಆಯ್ಕೆಯ ಮಾತು. ಹಳೆಯ ಪುಸ್ತಕ ಹಿಡಿದವರೂ ಅದೇ ಇಪ್ಪತ್ತು ಸಂಗೀತಗಳನ್ನು ಸುತ್ತುತ್ತಿದ್ದರೆ ಅವರಲ್ಲೂ ಇದೇ ಕೊರತೆ ಇರುತ್ತದೆ.

ಧಾಟಿಗೂ ಕನ್ನಡಕ್ಕೂ ಇರುವ ತಿಕ್ಕಾಟ

ಹಳೆಯ ಸಂಗೀತ ಕನ್ನಡದಲ್ಲಿ ಯಾಕೆ ಕೆಲವೊಮ್ಮೆ ಬಾಯಿಗೆ ಬರುವುದಿಲ್ಲ? ಕಾರಣ ಛಂದಸ್ಸಿನಲ್ಲಿದೆ. ಇಂಗ್ಲಿಷ್ ಸಂಗೀತದ ಸಾಲನ್ನು ಉಚ್ಚಾರದ ಬಿಡಿಭಾಗಗಳಿಂದ ಅಳೆಯುತ್ತಾರೆ. 'ಕಾಮನ್ ಮೀಟರ್' ಎಂದರೆ 8, 6, 8, 6. ಪುಸ್ತಕದ ಹಿಂದೆ ಈ ಅಳತೆಯ ಸೂಚಿ ಇರುತ್ತದೆ. ಒಂದೇ ಅಳತೆಯ ಯಾವ ಪದ್ಯವನ್ನೂ ಯಾವ ಧಾಟಿಗೂ ಹಾಡಬಹುದು. ಈ ಅಳತೆಯ ಧಾಟಿ ಸಾಮಾನ್ಯವಾಗಿ ಹಗುರ ಸ್ವರದಿಂದ ಶುರುವಾಗಿ ಎರಡನೆಯ ಸ್ವರಕ್ಕೆ ಪೆಟ್ಟು ಕೊಡುತ್ತದೆ.

ಕನ್ನಡದಲ್ಲಿ ಲೆಕ್ಕ ಮಾತ್ರೆಯದು. ಗುರುವಿಗೆ ಎರಡು, ಲಘುವಿಗೆ ಒಂದು. ಮಾತಿನ ತೂಕವೂ ಸಾಮಾನ್ಯವಾಗಿ ಮೊದಲ ಅಕ್ಷರದ ಮೇಲೆ. 'ದೇವರ' ಎಂಬುದನ್ನು ಆ ಧಾಟಿಯ ಮೊದಲಿಗೆ ಇಟ್ಟರೆ ದೀರ್ಘವಾದ 'ದೇ' ಹಗುರ ಸ್ವರಕ್ಕೆ ಬಿದ್ದು, ಹ್ರಸ್ವವಾದ 'ವ' ಪೆಟ್ಟಿಗೆ ಬಿದ್ದು ಎಳೆಯುತ್ತದೆ. ಕಿವಿಗೆ ಕೇಳುವುದು 'ದೆವಾರ'. ಹಾಡುವವರಿಗೆ ಏನೋ ತೊಡಕು ಎಂದು ಗೊತ್ತಾಗುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಅನುವಾದಿಸುವವರು ಸಾಲನ್ನು 'ಓ' ಎಂದು ಶುರುಮಾಡಿ ತೂಕದ ಮಾತನ್ನು ಒಂದು ಸ್ವರ ಮುಂದೂಡಬಹುದು, ಅಥವಾ 'ಮಹಾ', 'ಸದಾ' ಮುಂತಾದ ಲಘು ಗುರು ಮಾತು ಹುಡುಕಬಹುದು. ಇನ್ನೊಂದು ಕಷ್ಟವೆಂದರೆ ನಮ್ಮ ಮಾತುಗಳ ಉದ್ದ. 'ದೇವರ ಪ್ರೀತಿಯಿಂದ' ಎನ್ನುವಷ್ಟರಲ್ಲಿ ಏಳು ಅಕ್ಷರ ಮುಗಿಯಿತು, ಎಂಟರ ಸಾಲಿನಲ್ಲಿ ಕ್ರಿಯಾಪದಕ್ಕೆ ಜಾಗವಿಲ್ಲ.

ಹೊಸ ಇಂಗ್ಲಿಷ್ ಹಾಡುಗಳ ಅನುವಾದದಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಅಲ್ಲಿ ಪೆಟ್ಟು ತಾಳದ ಮೇಲೆ ಬೀಳದೆ ತಾಳದ ನಡುವೆ ಬೀಳುತ್ತದೆ. ಒಬ್ಬ ಗಾಯಕ ಅದನ್ನು ಸಲೀಸಾಗಿ ಹಾಡಬಲ್ಲ. ಇನ್ನೂರು ಜನ ಒಟ್ಟಿಗೆ ಹಾಡಿದರೆ ಅರ್ಧ ಜನ ಮುಂದೆ, ಅರ್ಧ ಜನ ಹಿಂದೆ. ಕನ್ನಡದಲ್ಲೇ ಹುಟ್ಟಿದ ಹಾಡು, ಅದು ನೂರು ವರ್ಷದ ಕೀರ್ತನೆಯಾಗಲಿ ಕಳೆದ ವರ್ಷದ್ದಾಗಲಿ, ಇಂಥ ಕಡೆ ಮೊದಲ ಸಾಲಿನಿಂದಲೇ ಗೆಲ್ಲುತ್ತದೆ.

ಶ್ರುತಿ: ಅರ್ಧ ಜಗಳ ಇಲ್ಲಿಯದು

'ಈ ಹೊಸ ಹಾಡು ನಮಗೆ ಬರುವುದಿಲ್ಲ' ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಸ್ಕೇಲ್. ಧ್ವನಿಮುದ್ರಿತ ವರ್ಶಿಪ್ ಹಾಡುಗಳನ್ನು ಎತ್ತರದ ದನಿಯ ಗಾಯಕರು ತಮಗೆ ಹೊಂದುವ ಸ್ಕೇಲಿನಲ್ಲಿ ಹಾಡಿರುತ್ತಾರೆ. ಬ್ಯಾಂಡು ಅದನ್ನೇ ಯೂಟ್ಯೂಬಿನಿಂದ ಎತ್ತಿಕೊಳ್ಳುತ್ತದೆ.

ಅಭ್ಯಾಸವಿಲ್ಲದ ಸಾಮಾನ್ಯ ಸಭೆಗೆ ನೆಮ್ಮದಿಯಾಗಿ ಎಟುಕುವುದು ಕೀಬೋರ್ಡಿನ ನಡು ಸಿ ಸ್ವರದ ಕೆಳಗಿನ ಎ ಇಂದ ಅದರ ಮೇಲಿನ ಸಪ್ತಕದ ಡಿ ವರೆಗೆ. ಗಂಡಸರು ಅದನ್ನೇ ಒಂದು ಸಪ್ತಕ ಕೆಳಗೆ ಹಾಡುತ್ತಾರೆ. ಹಾಡಿನ ತುತ್ತತುದಿಯ ಸ್ವರ ಯಾವುದೆಂದು ಮೊದಲು ನೋಡಿ. ಬಿ ಮೇಜರಿನ ಹಾಡು ಎಫ್ ಶಾರ್ಪ್ ಮುಟ್ಟುತ್ತಿದ್ದರೆ ನಾಲ್ಕು ಅರ್ಧಸ್ವರ ಇಳಿಸಿ ಜಿ ಮೇಜರಿಗೆ ತನ್ನಿ. ತುದಿ ಡಿ ಗೆ ಬರುತ್ತದೆ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿಯನ್ನು ಮೈನಸ್ 4ಕ್ಕೆ ಇಟ್ಟರೆ ಆಯಿತು. ಗಿಟಾರಿನವರಿಗೂ ಜಿ ಸುಲಭ. ಬೆಳಗಿನ 7ರ ಆರಾಧನೆಗೆ ಇನ್ನೂ ಒಂದು ಅರ್ಧಸ್ವರ ಇಳಿಸುವುದು ಒಳ್ಳೆಯದು, ಗಂಟಲು ಇನ್ನೂ ಬಿಚ್ಚಿರುವುದಿಲ್ಲ.

ಕೆಲವು ಹೊಸ ಹಾಡುಗಳಲ್ಲಿ ಮೊದಲ ಚರಣ ಕೆಳಗಿನ ಸಪ್ತಕದಲ್ಲಿ, ಕೊನೆಯ ಪಲ್ಲವಿ ಒಂದು ಸಪ್ತಕ ಮೇಲೆ ಇರುತ್ತದೆ. ಇದು ಯಾವ ಸ್ಕೇಲಿನಲ್ಲೂ ಸಭೆಗೆ ಎಟುಕುವುದಿಲ್ಲ. ಸಭೆಗೆ ಒಂದೇ ಸಪ್ತಕ ಕೊಟ್ಟು, ಮೇಲಿನದನ್ನು ಬೇಕಿದ್ದರೆ ಲೀಡರ್ ಒಬ್ಬರೇ ಹಾಡಲಿ.

ಇಳಿಸುವುದರಲ್ಲೂ ನಷ್ಟವಿದೆ. ಪುಸ್ತಕದ ನಾಲ್ಕು ದನಿಯ ಸಂಗೀತವನ್ನು ತೀರಾ ಇಳಿಸಿದರೆ ಬೇಸ್ ಹಾಡುವವರಿಗೆ ನೆಲ ಸಿಗುವುದಿಲ್ಲ. ಗಾಯನ ವೃಂದದ ಹಿರಿಯರು ಅದಕ್ಕೆ ತಕರಾರು ಮಾಡಿದರೆ ಅದು ಹಟವಲ್ಲ, ಸರಿಯಾದ ಮಾತು.

ಸದ್ದು ಮತ್ತು ಕಟ್ಟಡ

ಕಲ್ಲಿನ ಗೋಡೆ, ಎತ್ತರದ ಚಾವಣಿಯ ಹಳೆಯ ಚರ್ಚುಗಳು ಆರ್ಗನ್ನಿಗೆ, ಜನರ ಒಕ್ಕೊರಲಿಗೆ ಹೇಳಿ ಮಾಡಿಸಿದವು. ಒಮ್ಮೆ ಹೊರಟ ಸದ್ದು 60 ಡೆಸಿಬೆಲ್ ಇಳಿಯಲು ಹಿಡಿಯುವ ಹೊತ್ತನ್ನು ಅನುರಣನ ಕಾಲ ಎನ್ನುತ್ತಾರೆ. ಇಂಥ ಕಟ್ಟಡ ಖಾಲಿಯಿದ್ದಾಗ ಅದು 3 ಸೆಕೆಂಡು ಇದೆ ಎಂದುಕೊಳ್ಳಿ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಅರ್ಧ ಸೆಕೆಂಡಿಗೊಂದು ಪೆಟ್ಟು. ಮೊದಲ ಪೆಟ್ಟಿನ ಸದ್ದು ಅಡಗುವಷ್ಟರಲ್ಲಿ ಆರು ಪೆಟ್ಟು ಬಿದ್ದಿರುತ್ತವೆ. ಡ್ರಮ್ಸ್ ಕಲಸಿಹೋಗಿ, ಹಾಡಿನ ಮಾತು ಕೇಳದೆ, ಸೌಂಡಿನವರು ಮೈಕು ಏರಿಸಿ, ಅದರ ಸದ್ದೂ ಆ ಕಲಸಿನೊಳಗೇ ಸೇರುತ್ತದೆ. ಡ್ರಮ್ಸ್ ದೇವರಿಗೆ ಬೇಡ ಎಂದು ಹಿರಿಯರೊಬ್ಬರು ಹೇಳುವಾಗ ಅವರ ಕಿವಿ ಹೇಳುತ್ತಿರುವುದು, ಈ ಕಟ್ಟಡಕ್ಕೆ ಬೇಡ ಎಂದೂ ಇರಬಹುದು.

ಇಂಥ ಕಡೆ ಕಡ್ಡಿಯ ಬದಲು ಸಣ್ಣ ಕಡ್ಡಿಗಳ ಕಟ್ಟು ಬಳಸುವುದು, ಡ್ರಮ್ ಸೆಟ್ಟಿನ ಬದಲು ಮೇಲೆ ಕೂತು ಕೈಯಿಂದ ಬಡಿಯುವ ಕಹೋನ್ ಪೆಟ್ಟಿಗೆ ಅಥವಾ ತಬಲಾ ಇಡುವುದು, ಇಲ್ಲವೇ ಸದ್ದು ಕಡಿಮೆ ಮಾಡಬಲ್ಲ ಎಲೆಕ್ಟ್ರಾನಿಕ್ ಸೆಟ್ ತರುವುದು ಕೆಲಸ ಮಾಡುತ್ತದೆ. ವೇದಿಕೆಯ ಮಾನಿಟರ್ ಸ್ಪೀಕರುಗಳ ಮೇಲೂ ಕಣ್ಣಿರಬೇಕು. ಗಿಟಾರಿನವರಿಗೆ ಕೇಳದೆಂದು ಅವರದನ್ನು ಏರಿಸಿದರೆ ಕೀಬೋರ್ಡಿನವರಿಗೆ ಕೇಳುವುದಿಲ್ಲ, ಅವರದನ್ನೂ ಏರಿಸಿ... ಹತ್ತು ನಿಮಿಷದಲ್ಲಿ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಇಯರ್‌ಫೋನ್ ಮಾನಿಟರ್ ಇದ್ದರೆ ಈ ಪೈಪೋಟಿ ಇಲ್ಲ.

ಕೆಲಸದ ಜಾಗಗಳಿಗೆಂದು ಅಮೆರಿಕದ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿರುವ ಅಳತೆ: 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ, ಪ್ರತಿ 3 ಡೆಸಿಬೆಲ್ ಏರಿಕೆಗೆ ಹೊತ್ತು ಅರ್ಧವಾಗುತ್ತದೆ. 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ಮುಚ್ಚಿದ ಹಾಲಿನಲ್ಲಿ ಡ್ರಮ್ಸ್ 100 ದಾಟುವುದು ಕಷ್ಟವಲ್ಲ, ಹಾಡುವುದು ಅರ್ಧ ಗಂಟೆ. ಫೋನಿನ ಆ್ಯಪ್ ಸ್ವಲ್ಪ ಹೆಚ್ಚುಕಮ್ಮಿ ತೋರಿಸಿದರೂ ನಡು ಸಾಲಿನಲ್ಲಿ ಇಟ್ಟು ನೋಡಿದರೆ ವಾದಕ್ಕೊಂದು ಅಂಕಿ ಸಿಗುತ್ತದೆ. ಯಂತ್ರವೇ ಬೇಡವೆಂದರೆ, ಪಕ್ಕದಲ್ಲಿ ನಿಂತವರ ಹಾಡು ನಿಮಗೆ ಕೇಳಿಸುತ್ತದೆಯೇ ಎಂದು ಗಮನಿಸಿ.

ಹೊರಗಿನ ಕಾನೂನೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ, ಹಬ್ಬಗಳಿಗೆ ರಾತ್ರಿ 12ರವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ಕ್ರಿಸ್‌ಮಸ್ ಮುನ್ನಾದಿನದ ಪೂಜೆಗೆ ಅಂಗಳದಲ್ಲಿ ಸ್ಪೀಕರ್ ಹಾಕುವವರು ಇದನ್ನು ಮೊದಲೇ ವಿಚಾರಿಸಬೇಕು.

ಹಾಡುವವರು ಯಾರು

ಮದುವೆಮನೆಯಲ್ಲಿ ಸೋಬಾನೆ ಪದ ಶುರುವಾದರೆ ರಾಗ ಬಾರದವರೂ ದನಿಗೂಡಿಸುತ್ತಾರೆ. ಆರ್ಕೆಸ್ಟ್ರಾ ಶುರುವಾದರೆ ಎಷ್ಟು ಚೆನ್ನಾಗಿ ಹಾಡಬಲ್ಲವರೂ ಕುರ್ಚಿಯಲ್ಲಿ ಕೂತು ಕೇಳುತ್ತಾರೆ. ಬ್ಯಾಂಡಿನ ಮೇಲಿರುವ ಮುಖ್ಯ ಆಕ್ಷೇಪ ಇಷ್ಟೇ. ದೀಪವೆಲ್ಲ ವೇದಿಕೆಯ ಮೇಲೆ, ಹಾಡಿನ ನಡುವೆ ಗಿಟಾರಿನ ಉದ್ದನೆಯ ಆಲಾಪ, ಮುಂದಿನ ಚರಣ ಯಾವಾಗ ಬರುತ್ತದೆಂದು ಸಭೆಗೆ ಗೊತ್ತಿಲ್ಲ. ಆದರೆ ನಾಲ್ಕು ದನಿಯ ಕಷ್ಟದ ಆಂಥಮ್ (ವೃಂದಕ್ಕೆಂದೇ ಕಟ್ಟಿದ ಹಾಡು) ಹಾಡುವ ಗಾಯನ ವೃಂದವೂ ಸಭೆಯನ್ನು ಕೇಳುಗರನ್ನಾಗಿ ಮಾಡಬಲ್ಲದು. ನನ್ನ ಮಟ್ಟಿಗೆ ಈ ಇಡೀ ವಿವಾದದಲ್ಲಿ ಬಿಟ್ಟುಕೊಡಬಾರದ ಅಂಶ ಇದೊಂದೇ, ಸಭೆಯ ದನಿ. ಎರಡು ಪಕ್ಷವನ್ನೂ ಇದರಿಂದಲೇ ಅಳೆಯಬೇಕು.

ಕ್ಯಾಥೊಲಿಕ್ ಚರ್ಚಿನಲ್ಲಿ ಇದಕ್ಕೆ ಬರಹದಲ್ಲೇ ನಿಯಮಗಳಿವೆ. 1903ರಲ್ಲಿ 10ನೆಯ ಪಯಸ್ ಪೋಪರು ಪಿಯಾನೊ, ಡ್ರಮ್, ತಾಳಗಳನ್ನು ಚರ್ಚಿನಿಂದ ನಿಷೇಧಿಸಿದ್ದರು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಆರಾಧನಾ ಸಂವಿಧಾನ ಎರಡು ಮಾತನ್ನು ಒಟ್ಟಿಗೆ ಹೇಳಿತು. ಗ್ರೆಗೊರಿಯನ್ ಗಾನ ಎಂಬ ಹಳೆಯ ಲ್ಯಾಟಿನ್ ಹಾಡಿಕೆಗೆ ಅಗ್ರಸ್ಥಾನ, ಆರ್ಗನ್ನಿಗೆ ಗೌರವ. ಜೊತೆಗೆ ಆಯಾ ಜನರ ಸಂಗೀತಕ್ಕೆ ತಕ್ಕ ಮರ್ಯಾದೆ, ಅಧಿಕಾರಿಗಳ ಒಪ್ಪಿಗೆಯಿಂದ ಬೇರೆ ವಾದ್ಯಗಳಿಗೂ ಅವಕಾಶ. ಆದುದರಿಂದ ಎರಡು ಕಡೆಯವರೂ ಅದೇ ದಾಖಲೆಯನ್ನು ಎತ್ತಿ ತೋರಿಸುತ್ತಾರೆ. ಭಾರತದಲ್ಲಿ ಈ ನೆಲದ ರೂಢಿಗಳನ್ನು ಪೂಜೆಗೆ ತರುವ ದಾರಿಯನ್ನು ಬೆಳೆಸಿದ್ದು ಬೆಂಗಳೂರಿನಲ್ಲೇ, 1967ರಲ್ಲಿ ಅಮಲೋರ್‌ಪವದಾಸರು ಕಟ್ಟಿದ ಎನ್‌ಬಿಸಿಎಲ್‌ಸಿ ಎಂಬ, ಬೈಬಲ್, ಧರ್ಮಬೋಧೆ, ಆರಾಧನೆಗಳ ಕ್ಯಾಥೊಲಿಕ್ ಕೇಂದ್ರದಲ್ಲಿ. 1969ರಲ್ಲಿ ಒಪ್ಪಿಗೆ ಪಡೆದ ಹನ್ನೆರಡು ಅಂಶಗಳಿಂದ ಆರತಿ, ಎಣ್ಣೆದೀಪ, ಅಂಜಲಿಗಳು ಬಲಿಪೂಜೆಗೆ ಬಂದವು. ಅದಕ್ಕೂ ವಿರೋಧ ಬಂದೇ ಬಂತು.

ಪೂಜೆಗೆ ಹಾಡು ಆರಿಸುವವರು ಮರೆಯುವ ಎರಡು ನಿಯಮಗಳಿವೆ. 'ದೇವರ ಕುರಿಮರಿ'ಯಂಥ ಪೂಜಾಕ್ರಮದ ಪಠ್ಯದ ಬದಲಿಗೆ ಬೇರೆ ಹಾಡು ಹಾಡುವಂತಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ವಾದ್ಯ ಇರುವುದು ಹಾಡಿಗೆ ಆಸರೆಯಾಗಿ ಮಾತ್ರ, ಬಿಡಿಯಾಗಿ ನುಡಿಸಲು ಅಲ್ಲ. ಆ ಕಾಲದ ನಾಲ್ಕನೆಯ ಭಾನುವಾರ ಮತ್ತು ದೊಡ್ಡ ಹಬ್ಬಗಳು ಇದಕ್ಕೆ ಹೊರತು.

ಹೊಸ ಹಾಡನ್ನು ಕಲಿಸುವ ಕ್ರಮ

ಹೊಸ ಹಾಡು ಸೋಲುವುದು ಹೊಸದೆಂದಲ್ಲ, ಆರಾಧನೆಯ ದಿನವೇ ಮೊದಲ ಸಲ ಕೇಳಿಸುವುದರಿಂದ. ತಿಂಗಳಿಗೆ ಒಂದು ಅಥವಾ ಎರಡಕ್ಕಿಂತ ಹೆಚ್ಚು ಬೇಡ. ಮೊದಲ ವಾರ ಕಾಣಿಕೆಯ ಹೊತ್ತಿಗೆ ವಾದ್ಯದಲ್ಲಿ ಧಾಟಿ ಮಾತ್ರ ನುಡಿಸಿ. ಎರಡನೆಯ ವಾರ ಗಾಯನ ವೃಂದ ಹಾಡಲಿ. ಮೂರನೆಯ ವಾರ ಆರಾಧನೆಗೆ ಐದು ನಿಮಿಷ ಮುಂಚೆ ಪಲ್ಲವಿಯನ್ನು ಸಾಲು ಸಾಲಾಗಿ ಹೇಳಿಕೊಟ್ಟು ಎಲ್ಲರೂ ಹಾಡಿ. ಮುಂದಿನ ಎರಡು ವಾರ ಬಿಡದೆ ಹಾಡಿದರೆ ನಿಲ್ಲುತ್ತದೆ. ಹಳೆಯ ಸಂಗೀತಗಳಿಗೂ ಇದೇ ಕ್ರಮ ಬೇಕು, ಯುವಜನರಿಗೆ ಅವೂ ಹೊಸವೇ.

ಪರದೆಯ ಮೇಲೆ ಮಾತು ತೋರಿಸುವ ಸಭೆಗಳಲ್ಲಿ ಪದೇಪದೇ ಆಗುವ ಎಡವಟ್ಟು ಅಕ್ಷರದ್ದು. ಮನೆಯ ಕಂಪ್ಯೂಟರಿನಲ್ಲಿ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ್ದು ಚರ್ಚಿನ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿನಲ್ಲೇ ಟೈಪು ಮಾಡಿ. ಒಂದು ಪರದೆಗೆ ನಾಲ್ಕು ಸಾಲು ಸಾಕು, ಅರ್ಥ ಮುಗಿಯುವಲ್ಲಿ ಒಡೆಯಿರಿ, ಕೊನೆಯ ಸಾಲಿನ ಕೊನೆಯ ಮಾತು ಹಾಡುವ ಮುಂಚೆಯೇ ಮುಂದಿನದಕ್ಕೆ ಹೋಗಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆಂದು ಕನ್ನಡ ಮಾತನ್ನು ರೋಮನ್ ಲಿಪಿಯಲ್ಲಿ ಹಾಕುವುದುಂಟು. ಹಾಕುವುದಾದರೆ ಕನ್ನಡ ಸಾಲಿನ ಕೆಳಗೆ ಹಾಕಿ, ಕನ್ನಡವನ್ನು ತೆಗೆದು ಅಲ್ಲ. ಪರದೆ ಬಂದ ಮೇಲೆ ಪುಸ್ತಕವನ್ನು ಪೂರ್ತಿ ಬಿಟ್ಟರೆ ನಾಲ್ಕು ದನಿಯ ಸ್ವರಗಳೂ ಕೈತಪ್ಪುತ್ತವೆ, ಪರದೆ ತೋರಿಸುವುದು ಮಾತನ್ನು ಮಾತ್ರ.

ಹಕ್ಕಿನ ವಿಚಾರ ಚುಟುಕಾಗಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ನಿನಲ್ಲಿ ನಿಜವಾದ ಧಾರ್ಮಿಕ ಸಮಾರಂಭದ ನಡುವೆ ಹಾಡುವುದಕ್ಕೆ ವಿನಾಯಿತಿ ಇದೆ. ಹಾಡಿನ ಪುಸ್ತಕ ಅಚ್ಚು ಹಾಕಲು, ಸೀಡಿ ಮಾರಲು ಅದು ಸಾಲದು. ಕೃತಿಕಾರರು ತೀರಿಕೊಂಡು 60 ವರ್ಷ ಕಳೆಯುವವರೆಗೆ ಹಕ್ಕು ಉಳಿಯುತ್ತದೆ. ಮೂಲ ಮುನ್ನೂರು ವರ್ಷ ಹಳೆಯದಾಗಿದ್ದರೂ ಕನ್ನಡ ಅನುವಾದಕ್ಕೆ ಅದರದೇ ಹಕ್ಕು ಇರಬಹುದು. ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರೆ ಅಲ್ಲಿನ ಯಂತ್ರ ತನ್ನ ನಿಯಮದಂತೆ ಹಾಡನ್ನು ಗುರುತಿಸಿ ಸದ್ದು ನಿಲ್ಲಿಸಬಹುದು.

ಎರಡು ಆರಾಧನೆ ಮಾಡಿದರೆ?

ಬೆಳಿಗ್ಗೆ 7ಕ್ಕೆ ಪುಸ್ತಕದ್ದು, 10ಕ್ಕೆ ಬ್ಯಾಂಡಿನದು ಎಂದು ಹಂಚುವುದು ಎಲ್ಲರಿಗೂ ಹೊಳೆಯುವ ಪರಿಹಾರ. ಜಗಳ ತಟ್ಟನೆ ನಿಲ್ಲುತ್ತದೆ. ಆದರೆ ಅಜ್ಜಿ ಒಂದಕ್ಕೆ, ಮೊಮ್ಮಗಳು ಇನ್ನೊಂದಕ್ಕೆ ಹೋಗುತ್ತಾರೆ; ಕೆಲ ವರ್ಷಗಳಲ್ಲಿ ಒಂದೇ ಚಾವಣಿಯ ಕೆಳಗೆ ಪರಸ್ಪರ ಗುರುತಿಲ್ಲದ ಎರಡು ಸಭೆ ಇರುತ್ತವೆ. ಬೆಂಗಳೂರಿನಲ್ಲಿ ಭಾಷೆಯ ಲೆಕ್ಕದಲ್ಲಿ ಆಗಲೇ ಕನ್ನಡ, ತಮಿಳು, ಇಂಗ್ಲಿಷ್ ಎಂದು ಹೊತ್ತು ಹಂಚಿಹೋಗಿರುವ ಕಡೆ ಇನ್ನೊಂದು ವಿಭಾಗಕ್ಕೆ ಜಾಗವೂ ಇಲ್ಲ. ಕನ್ನಡದ ಹೊತ್ತು ಸರಿದರೆ ಹಾಡಿನ ಜಗಳ ಭಾಷೆಯ ಜಗಳವಾಗುತ್ತದೆ.

ಒಂದೇ ಆರಾಧನೆಯಲ್ಲಿ ಎರಡನ್ನೂ ಬೆರೆಸುವವರು ಲೆಕ್ಕಕ್ಕೆ ಸರಿದೂಗಿಸಲು ಎರಡು ಹಳೆಯದು, ಎರಡು ಹೊಸದು ಎಂದು ಹಂಚುತ್ತಾರೆ. ಆರಾಧನೆಯ ಜಾಗಕ್ಕೆ ತಕ್ಕಂತೆ ಆರಿಸುವುದು ಇದಕ್ಕಿಂತ ಮೇಲು. ಪ್ರವೇಶಕ್ಕೆ ಎಲ್ಲರೂ ಬಲ್ಲ ಸಂಗೀತ, ಪಾಪನಿವೇದನೆಯ ನಂತರ ಚಿಕ್ಕ ಪುನರಾವರ್ತಿತ ಗೀತೆ, ಕರ್ತನ ಭೋಜನದ ಹೊತ್ತಿಗೆ ಪುಸ್ತಕ ಹಿಡಿಯದೆ ಹಾಡಬಲ್ಲ ಕೀರ್ತನೆ. ಸಂಗೀತವನ್ನು ಬ್ಯಾಂಡು ನುಡಿಸುವುದೂ, ಹೊಸ ಹಾಡಿಗೆ ಗಾಯನ ವೃಂದ ನಾಲ್ಕು ದನಿ ಕೂಡಿಸುವುದೂ ಆಗಬಹುದು. ಇಬ್ಬರನ್ನೂ ವಾರಕ್ಕೊಮ್ಮೆ ಒಂದೇ ಕೋಣೆಯಲ್ಲಿ ಅಭ್ಯಾಸಕ್ಕೆ ಕೂರಿಸಿದ ಸಭೆಗಳಲ್ಲಿ ದೂರು ಕಡಿಮೆ.

ತೀರ್ಮಾನಿಸುವವರು ಯಾರೆಂಬುದೂ ಸ್ಪಷ್ಟವಿರಬೇಕು. ಸ್ವತಂತ್ರ ಸಭೆಗಳಲ್ಲಿ ಸಾಮಾನ್ಯವಾಗಿ ಪಾಸ್ಟರ್ ಮಾತೇ ಕೊನೆ. ಕ್ಯಾಥೊಲಿಕರಲ್ಲಿ ಧರ್ಮಾಧ್ಯಕ್ಷರ ನಿಯಮದೊಳಗೆ ಧರ್ಮಕೇಂದ್ರದ ಗುರುಗಳು. ಸಿಎಸ್‌ಐ ಒಕ್ಕೂಟದ ಮೂಲ ಒಪ್ಪಂದದಲ್ಲಿ, ಪಾಲಕರೂ ಸಭೆಯೂ ಒಪ್ಪದೆ ರೂಢಿಯ ಆರಾಧನಾ ಕ್ರಮ ಬದಲಿಸುವಂತಿಲ್ಲ, ಹೊಸತನ್ನು ತರುವಂತಿಲ್ಲ ಎಂಬ ಮಾತೇ ಇದೆ. ಅಂದರೆ ಅಯ್ಯನವರು ಒಬ್ಬರೇ ಹೇರಲಾಗದು, ಕಮಿಟಿಯ ನಾಲ್ಕು ಜನ ಒಳಗಿಂದೊಳಗೇ ತಡೆಯಲೂ ಆಗದು. ಎಷ್ಟೋ ಸಲ ಡ್ರಮ್ ಸೆಟ್ಟಿನ ಖರ್ಚಿನ ಬಿಲ್ಲು ಕಮಿಟಿಗೆ ಬಂದಾಗಲೇ ಹಾಡಿನ ಚರ್ಚೆ ಮೊದಲಾಗುವುದು. ಆಗ ದುಡ್ಡಿನ ಮಾತಿಗೆ ದೇವಶಾಸ್ತ್ರದ ಉತ್ತರ, ದೇವಶಾಸ್ತ್ರದ ಮಾತಿಗೆ ದುಡ್ಡಿನ ಉತ್ತರ ಸಿಗುತ್ತದೆ. ವಾದ್ಯದ ಖರೀದಿ ಒಂದು ಸಭೆಯ ಕಾರ್ಯಸೂಚಿಯಲ್ಲಿರಲಿ, ಹಾಡಿನ ಆಯ್ಕೆ ಅದಕ್ಕಿಂತ ಒಂದು ತಿಂಗಳಾದರೂ ಮುಂಚಿನ, ಎಲ್ಲರನ್ನೂ ಕರೆದ ಸಭೆಯಲ್ಲಿ ನಿರ್ಧಾರವಾಗಲಿ. ಡಿಸೆಂಬರಿನ ಹಾಡುಗಳಿಗೆ ಆ ಸಭೆ ಅಕ್ಟೋಬರಿನಲ್ಲೇ ಸೇರಬೇಕು.